ಕಿವಿಯೊಳಗಿನ ಅಲೆಯನ್ನು ಕಂಡವರು

ಮಕ್ಕಳೇ, ಜಾತ್ರೆಯ ಗದ್ದಲದಲ್ಲಿ ಗೆಳೆಯ ಏನೋ ಹೇಳುತ್ತಾನೆ. ಅವನ ದನಿ ಕೇಳಿಸುತ್ತದೆ, ಆದರೆ ಮಾತು ತಿಳಿಯುವುದಿಲ್ಲ. ನಿಮಗೂ ಹೀಗೆ ಆಗಿದೆ ಅಲ್ಲವೇ? ಕೆಲವರಿಗೆ ತರಗತಿಯ ಸಣ್ಣ ಗಲಾಟೆಯಲ್ಲೂ ಹೀಗೆಯೇ ಆಗುತ್ತದೆ. ಕಿವಿ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಾಗಿದೆ ಎಂದು ಬರುತ್ತದೆ! ಇದೇಕೆ ಹೀಗೆ? ತಿಳಿಯಬೇಕಾದರೆ ಜಾರ್ಜ್ ಫಾನ್ ಬೇಕೇಶಿ ಎಂಬ ವಿಜ್ಞಾನಿಯ ಕಥೆ ಕೇಳಿ.

ಬೇಕೇಶಿ ಹುಟ್ಟಿದ್ದು 1899ರ ಜೂನ್ 3ರಂದು, ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ. ತಂದೆ ರಾಜತಾಂತ್ರಿಕ ಅಧಿಕಾರಿ. ಹಾಗಾಗಿ ಅವರ ಬಾಲ್ಯ ಹಲವು ದೇಶಗಳಲ್ಲಿ ಕಳೆಯಿತು. ಸ್ವಿಟ್ಜರ್ಲೆಂಡಿನಲ್ಲಿ ರಸಾಯನ ವಿಜ್ಞಾನ ಓದಿದ ಅವರು, 1923ರಲ್ಲಿ ಬುಡಾಪೆಸ್ಟಿನಲ್ಲಿ ಭೌತ ವಿಜ್ಞಾನದ ಡಾಕ್ಟರೇಟ್ ಪಡೆದರು.

ಬಳಿಕ ಅವರು ಹಂಗೇರಿಯ ಅಂಚೆ ಇಲಾಖೆಯ ಪ್ರಯೋಗಾಲಯ ಸೇರಿದರು. ಅಲ್ಲಿ ದೂರವಾಣಿಯನ್ನು ಸುಧಾರಿಸುವ ಕೆಲಸ. ದೂರವಾಣಿ ಚೆನ್ನಾಗಿರಬೇಕಾದರೆ, ಅದನ್ನು ಕೇಳುವ ಕಿವಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಡವೇ? ಹೀಗೆ ಅವರ ಗಮನ ಕಿವಿಯತ್ತ ಹೊರಳಿತು.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ನಾಳವಿದೆ. ಅದೇ ಕಾಕ್ಲಿಯ. ಗಾತ್ರ ಬಟಾಣಿ ಕಾಳಿನಷ್ಟು. ಒಳಗೆ ದ್ರವ ಮತ್ತು ತೆಳುವಾದ ಪೊರೆಗಳು. ಬೇಕೇಶಿ ಸತ್ತವರ ಕಿವಿಯಿಂದ ಇದನ್ನು ಹೊರತೆಗೆದು ಸಣ್ಣ ಕಿಂಡಿ ಕೊರೆದರು. ಪೊರೆಯ ಮೇಲೆ ಬೆಳ್ಳಿಯ ಪುಡಿ ಉದುರಿಸಿದರು. ಮಿನುಗುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಶಬ್ದ ಕೊಟ್ಟೊಡನೆ ಒಳಗೆ ಅಲೆಯೊಂದು ಸಾಗಿತು! ಕೀರಲು ದನಿಗೆ ನಾಳದ ಬುಡದಲ್ಲಿ, ದಪ್ಪ ದನಿಗೆ ತುದಿಯ ಬಳಿ ಅಲೆ ಹೆಚ್ಚು ಎತ್ತರಕ್ಕೆ ಏಳುತ್ತಿತ್ತು. ಈ ಶೋಧಕ್ಕಾಗಿ 1961ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

1946ರಲ್ಲಿ ಅವರು ಸ್ವೀಡನ್‌ಗೆ, ಮರುವರ್ಷ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. 1947ರಲ್ಲಿ ಹೊಸ ಬಗೆಯ ಶ್ರವಣಮಾಪಕವೊಂದನ್ನು ಪರಿಚಯಿಸಿದರು. ದನಿ ಕೇಳಿಸುವಷ್ಟು ಹೊತ್ತು ಗುಂಡಿ ಒತ್ತಿ ಹಿಡಿಯಬೇಕು. ಆಗ ದನಿ ಸಣ್ಣದಾಗುತ್ತಾ ಹೋಗುತ್ತದೆ. ಕೇಳದಾದಾಗ ಗುಂಡಿ ಬಿಟ್ಟರೆ ದನಿ ಮತ್ತೆ ಏರುತ್ತದೆ. ಯಂತ್ರವೇ ಅದರ ನಕ್ಷೆ ಬರೆಯುತ್ತದೆ.

ಆದರೆ ಒಂದು ವಿಷಯ ಗಮನಿಸಿ. ಇಂಥ ಪರೀಕ್ಷೆ ನಡೆಯುವುದು ನಿಶ್ಶಬ್ದ ಕೋಣೆಯಲ್ಲಿ. ಎಷ್ಟು ಸಣ್ಣ ದನಿ ಕೇಳುತ್ತದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಗದ್ದಲದ ನಡುವೆ ಮಾತನ್ನು ಹೆಕ್ಕಿ ಅರ್ಥ ಮಾಡಿಕೊಳ್ಳುವುದು ಬೇರೆಯೇ ಕೆಲಸ. ಅದಕ್ಕೆ ಕಿವಿಯ ಜೊತೆ ಶ್ರವಣ ನರ, ಮಿದುಳು ಎಲ್ಲವೂ ಬೇಕು.

2009ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಒಂದು ವಿಚಿತ್ರ ಕಂಡರು. ಜೋರು ಶಬ್ದದ ನಂತರ ಅವುಗಳ ಶ್ರವಣ ಮೊದಲಿನಂತಾಯಿತು. ಆದರೆ ಒಳಕಿವಿಯ ಕೋಶಗಳಿಗೂ ನರಕ್ಕೂ ನಡುವಿನ ಎಷ್ಟೋ ಕೊಂಡಿಗಳು ಕಳಚಿಹೋಗಿದ್ದವು! ಸಾಮಾನ್ಯ ಪರೀಕ್ಷೆಗೆ ಸಿಗದ ಇಂಥ ತೊಂದರೆಗೆ ಅಡಗಿದ ಶ್ರವಣದೋಷ ಎಂದು ಹೆಸರು. ಮನುಷ್ಯರಲ್ಲಿ ಇದನ್ನು ಪತ್ತೆಹಚ್ಚುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಗದ್ದಲದ ನಡುವೆ ಮಾತು ಕೇಳಿಸುವ ಪರೀಕ್ಷೆಗಳೂ ಬಂದಿವೆ.

ಬೇಕೇಶಿ 1972ರ ಜೂನ್ 13ರಂದು ಹವಾಯಿಯ ಹೊನೊಲುಲುವಿನಲ್ಲಿ ತೀರಿಕೊಂಡರು. ಅವರು ತೆರೆದ ಕಿಂಡಿಯಿಂದ ಇಂದಿಗೂ ಹೊಸ ಸಂಗತಿಗಳು ಕಾಣುತ್ತಲೇ ಇವೆ.

ನಿಮ್ಮ ತರಗತಿಯಲ್ಲಿ ಯಾರಾದರೂ ಮತ್ತೆ ಮತ್ತೆ ಏನು, ಏನು ಎಂದು ಕೇಳುತ್ತಾರೆಯೇ? ನಗಬೇಡಿ. ಅವರ ಮುಖ ನೋಡಿ ನಿಧಾನವಾಗಿ ಹೇಳಿ. ಮುಂದಿನ ಸಾಲಿನಲ್ಲಿ ಜಾಗ ಕೊಡಿ. ಕೇಳದವರು ನೀವೇ ಆಗಿದ್ದರೆ ನಾಚದೆ ಗುರುಗಳಿಗೆ ತಿಳಿಸಿ. ಧ್ವನಿವರ್ಧಕದ ತೀರಾ ಹತ್ತಿರ ಮಾತ್ರ ನಿಲ್ಲಬೇಡಿ!