ಸಿಗ್ಮಂಡ್ ಫ್ರಾಯ್ಡ್: ರೋಗಿಯ ಮಾತಿಗೆ ಕಿವಿಗೊಟ್ಟ ವೈದ್ಯ

ಮನಸ್ಸಿಗೆ ಕಷ್ಟವಾದಾಗ ಕೌನ್ಸೆಲಿಂಗ್‌ಗೆ ಹೋಗುವುದು ಇಂದು ಹೊಸ ವಿಷಯವೇನಲ್ಲ. ರೋಗಿ ಮಾತನಾಡುವುದು, ವೈದ್ಯರು ಕೇಳಿಸಿಕೊಳ್ಳುವುದು ಕೂಡ ಚಿಕಿತ್ಸೆಯೇ ಎಂದು ತೋರಿಸಿಕೊಟ್ಟವರಲ್ಲಿ ಸಿಗ್ಮಂಡ್ ಫ್ರಾಯ್ಡ್ ಪ್ರಮುಖರು.

ಈಗಿನ ಜೆಕ್ ಗಣರಾಜ್ಯದಲ್ಲಿರುವ ಫ್ರೈಬರ್ಗ್‌ನಲ್ಲಿ, 1856ರ ಮೇ 6ರಂದು ಯಹೂದಿ ಉಣ್ಣೆ ವ್ಯಾಪಾರಿಯೊಬ್ಬರ ಮಗನಾಗಿ ಅವರು ಹುಟ್ಟಿದರು. ಬೆಳೆದದ್ದು, ಓದಿದ್ದು ವಿಯೆನ್ನಾದಲ್ಲಿ. 1881ರಲ್ಲಿ ವೈದ್ಯ ಪದವಿ ಪಡೆದರು. 1885ರಲ್ಲಿ ಪ್ಯಾರಿಸ್‌ಗೆ ಹೋಗಿ, ನರರೋಗ ತಜ್ಞ ಶಾರ್ಕೊ ಬಳಿ ಹಿಸ್ಟೀರಿಯಾ ರೋಗಿಗಳನ್ನು ಕಂಡರು. ದೇಹದಲ್ಲಿ ದೋಷವಿಲ್ಲದಿದ್ದರೂ ಕೈಕಾಲು ಆಡದಂತಾಗುವುದು ಅವರನ್ನು ಯೋಚನೆಗೆ ಹಚ್ಚಿತು.

ವಿಯೆನ್ನಾದ ಹಿರಿಯ ವೈದ್ಯ ಜೋಸೆಫ್ ಬ್ರಾಯರ್ ಅವರು ಚಿಕಿತ್ಸೆ ನೀಡುತ್ತಿದ್ದ ಯುವತಿಯೊಬ್ಬಳಿಗೆ ಹಳೆಯ ನೆನಪುಗಳನ್ನು ಹೇಳಿಕೊಂಡಾಗ ಸ್ವಲ್ಪ ಹಗುರವಾಗುತ್ತಿತ್ತು. 1895ರಲ್ಲಿ ಇಬ್ಬರೂ ಸೇರಿ ಹಿಸ್ಟೀರಿಯಾ ಕುರಿತ ಪುಸ್ತಕ ತಂದರು. ಕ್ರಮೇಣ ಫ್ರಾಯ್ಡ್ ಸಂಮೋಹನವನ್ನು ಕೈಬಿಟ್ಟರು. ಮಂಚದ ಮೇಲೆ ಮಲಗಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುವಂತೆ ರೋಗಿಗಳಿಗೆ ತಿಳಿಸಿದರು.

ಮನೋವಿಶ್ಲೇಷಣೆ ಬೆಳೆದದ್ದು ಹೀಗೆ. ಬಾಲ್ಯದ ನೋವು, ಒಪ್ಪಿಕೊಳ್ಳಲಾಗದ ಬಯಕೆಗಳನ್ನು ಅದುಮಿಟ್ಟರೆ ಅವು ಅಳಿಯುವುದಿಲ್ಲ. ಸುಪ್ತ ಮನಸ್ಸಿನಲ್ಲಿ ಉಳಿದು ಕನಸಾಗಿ, ಬಾಯ್ತಪ್ಪಿದ ಮಾತಾಗಿ, ಕಾಯಿಲೆಯ ಲಕ್ಷಣವಾಗಿ ಹೊರಬರುತ್ತವೆ ಎಂಬುದು ಅವರ ವಾದ. 1899ರ ಕೊನೆಗೆ ಹೊರಬಂದ ಕನಸುಗಳ ಕುರಿತ ಅವರ ಪುಸ್ತಕದ 600 ಪ್ರತಿಗಳು ಖರ್ಚಾಗಲು ಎಂಟು ವರ್ಷ ಬೇಕಾಯಿತು. 1923ರಲ್ಲಿ ಅವರು ಮನಸ್ಸನ್ನು ಮೂರು ಭಾಗವಾಗಿ ವಿವರಿಸಿದರು: ಬಯಸುವ ಇಡ್, ತಪ್ಪು ಸರಿ ಎತ್ತಿ ಹೇಳುವ ಸೂಪರ್ ಈಗೋ, ಇವೆರಡರ ನಡುವೆ ಏಗುವ ಈಗೋ.

ಈ ವಿಚಾರ ಭಾರತಕ್ಕೂ ಬಂತು. ಕಲ್ಕತ್ತಾದ ವೈದ್ಯ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಸ್ಥಾಪಿಸಿದರು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಪತ್ರಗಳಲ್ಲೇ ಮಾತು, ತಕರಾರು ಎಲ್ಲ ನಡೆಯಿತು. ಫ್ರಾಯ್ಡ್ ಅವರ 75ನೇ ಹುಟ್ಟುಹಬ್ಬಕ್ಕೆ ಸಂಘ ಕಳಿಸಿದ ದಂತದ ವಿಷ್ಣು ವಿಗ್ರಹ ಅವರ ಮೇಜಿನ ಮೇಲೆ ಜಾಗ ಪಡೆಯಿತು.

ಕೊನೆಯ ದಿನಗಳು ಕಠಿಣವಾಗಿದ್ದವು. 1923ರಲ್ಲಿ ಪತ್ತೆಯಾದ ದವಡೆಯ ಕ್ಯಾನ್ಸರ್‌ಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. 1938ರಲ್ಲಿ ನಾಜಿಗಳು ಆಸ್ಟ್ರಿಯಾ ವಶಪಡಿಸಿಕೊಂಡು, ಮಗಳು ಅನ್ನಾಳನ್ನು ವಿಚಾರಣೆಗೆ ಕರೆದೊಯ್ದಾಗ ಊರು ಬಿಡದೆ ದಾರಿಯಿರಲಿಲ್ಲ. 82ನೇ ವಯಸ್ಸಿನಲ್ಲಿ ಅವರು ಲಂಡನ್ ಸೇರಿದರು. ವಿಯೆನ್ನಾದಲ್ಲೇ ಉಳಿದ ನಾಲ್ವರು ವೃದ್ಧ ಸಹೋದರಿಯರು ನಂತರ ನಾಜಿ ಶಿಬಿರಗಳಲ್ಲಿ ಸತ್ತರು. ಅದನ್ನು ತಿಳಿಯಲು ಫ್ರಾಯ್ಡ್ ಬದುಕಿರಲಿಲ್ಲ. ಅವರು 1939ರ ಸೆಪ್ಟೆಂಬರ್ 23ರಂದು ನಿಧನರಾದರು. ಅದಕ್ಕೆ ಕೆಲವೇ ವಾರಗಳ ಮುಂಚಿನವರೆಗೂ ರೋಗಿಗಳನ್ನು ನೋಡುತ್ತಿದ್ದರು.

ಅವರ ಹಲವು ಸಿದ್ಧಾಂತಗಳನ್ನು, ಅದರಲ್ಲೂ ಮಹಿಳೆಯರ ಕುರಿತವನ್ನು, ನಂತರದವರು ತಿರಸ್ಕರಿಸಿದ್ದಾರೆ. ಆದರೆ ಇಂದಿನ ಸೈಕೋಡೈನಾಮಿಕ್ ಚಿಕಿತ್ಸೆಯಲ್ಲೂ ಕೆಲಸ ಶುರುವಾಗುವುದು ಅಲ್ಲಿಂದಲೇ: ಒಬ್ಬರು ಹೇಳಬೇಕು, ಇನ್ನೊಬ್ಬರು ತಾಳ್ಮೆಯಿಂದ ಕೇಳಬೇಕು.