ಶಾಪವೆಂಬ ನೆಪ, ಗುಟ್‌ಮನ್ ಎಂಬ ಋಣ

1990ರ ಮೇ ತಿಂಗಳಲ್ಲಿ ಯುರೋಪಿಯನ್ ಕಪ್ ಫುಟ್‌ಬಾಲ್ ಟೂರ್ನಿಯ ಫೈನಲ್ ನಡೆದದ್ದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ಪೋರ್ಚುಗಲ್ಲಿನ ಬೆನ್ಫಿಕಾ ಮತ್ತು ಇಟಲಿಯ ಎ.ಸಿ. ಮಿಲಾನ್ ತಂಡಗಳು ಅಂದು ಎದುರಾಗಿದ್ದವು. ಪಂದ್ಯಕ್ಕೆ ಮುನ್ನ ಬೆನ್ಫಿಕಾದ ಹಳೆಯ ತಾರೆ ಯುಸೇಬಿಯೊ ಆ ನಗರದ ಕೇಂದ್ರ ಸ್ಮಶಾನದ ಯಹೂದಿ ವಿಭಾಗಕ್ಕೆ ಹೋಗಿ, ಒಂದು ಸಮಾಧಿಯ ಮುಂದೆ ನಿಂತು ಪ್ರಾರ್ಥಿಸಿದ. ಅಲ್ಲಿ ಚಿರನಿದ್ರೆಯಲ್ಲಿದ್ದವನು ಆತನ ಗುರು, ತರಬೇತುದಾರ ಬೆಲಾ ಗುಟ್‌ಮನ್. ಇಪ್ಪತ್ತೆಂಟು ವರ್ಷಗಳ ಹಿಂದೆ ಕ್ಲಬ್ಬಿಗೆ ಆತ ಕೊಟ್ಟನೆನ್ನಲಾದ ಶಾಪದಿಂದ ಬಿಡುಗಡೆ ದೊರೆಯಲಿ ಎಂಬುದೇ ಆ ಪ್ರಾರ್ಥನೆಯ ಉದ್ದೇಶ. ಅಂದು ಬೆನ್ಫಿಕಾ 0-1 ಗೋಲಿನಿಂದ ಸೋತಿತು.

ಕಥೆ ಸರಳವಾಗಿದೆ. 1961 ಮತ್ತು 1962ರಲ್ಲಿ ಸತತ ಎರಡು ಬಾರಿ ಬೆನ್ಫಿಕಾವನ್ನು ಯುರೋಪಿನ ಚಾಂಪಿಯನ್ ಪಟ್ಟಕ್ಕೇರಿಸಿದ ಗುಟ್‌ಮನ್ ಹೆಚ್ಚುವರಿ ಸಂಭಾವನೆ ಕೇಳಿದ. ಆಡಳಿತ ಮಂಡಳಿ ನಿರಾಕರಿಸಿತು. ಮುಂದಿನ ನೂರು ವರ್ಷಗಳವರೆಗೆ ಬೆನ್ಫಿಕಾ ಯುರೋಪಿನ ಕಿರೀಟ ಧರಿಸಲಾರದೆಂದು ಶಪಿಸಿ ಆತ ಹೊರನಡೆದ. ಆ ಬಳಿಕ 2014ರವರೆಗೆ ಬೆನ್ಫಿಕಾ ಯುರೋಪಿನ ಎಂಟು ಫೈನಲ್‌ಗಳನ್ನು ಆಡಿತು, ಎಂಟರಲ್ಲೂ ಸೋತಿತು. ಹೀಗಾಗಿ ಲಿಸ್ಬನ್ ನಗರದ ಫುಟ್‌ಬಾಲ್ ಅಭಿಮಾನಿಗಳ ಪಾಲಿಗೆ ಗುಟ್‌ಮನ್ ಏಕಕಾಲಕ್ಕೆ ವರ ಕೊಟ್ಟವನೂ ಹೌದು, ಶಾಪ ಕೊಟ್ಟವನೂ ಹೌದು. ಕೃತಜ್ಞತೆ ಮತ್ತು ಮುನಿಸು ಒಂದೇ ಹೆಸರಿಗೆ ಅಂಟಿಕೊಂಡ ಇಂಥ ನಿದರ್ಶನ ಕ್ರೀಡಾಲೋಕದಲ್ಲಿ ಅಪರೂಪ. ಆದರೆ ಶಾಪದ ಈ ಕಥೆ ಆ ಮನುಷ್ಯನ ನಿಜವಾದ ಬದುಕನ್ನು ಮರೆಮಾಡಿಬಿಟ್ಟಿದೆ.

ಗುಟ್‌ಮನ್ ಹುಟ್ಟಿದ್ದು 1899ರ ಜನವರಿ 27ರಂದು, ಹಂಗೆರಿಯ ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ. ತಂದೆ ತಾಯಿ ನೃತ್ಯಶಿಕ್ಷಕರು. ಮಗನೂ ಹದಿನಾರರ ಹರೆಯದಲ್ಲೇ ನೃತ್ಯ ಕಲಿಸುವ ಅರ್ಹತೆ ಪಡೆದ. ಆದರೆ ಕಾಲುಗಳು ಒಲಿದದ್ದು ಚೆಂಡಿಗೆ. ಬುಡಾಪೆಸ್ಟ್‌ನ ಎಂಟಿಕೆ ತಂಡದ ಪರ ಆಡಿ 1920 ಮತ್ತು 1921ರ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪಾಲು ಪಡೆದ. ಮೊದಲ ಮಹಾಯುದ್ಧದ ಸೋಲಿನ ನಂತರದ ಹಂಗೆರಿಯಲ್ಲಿ ಯಹೂದಿ ದ್ವೇಷ ಬೆಳೆಯುತ್ತಿತ್ತು. ಆತ ಗಡಿ ದಾಟಿ ವಿಯೆನ್ನಾಕ್ಕೆ ಹೋಗಿ, ಯಹೂದಿಗಳೇ ಕಟ್ಟಿದ್ದ ಹಕೋಆ ಕ್ಲಬ್ ಸೇರಿದ. 1925ರಲ್ಲಿ ಹಕೋಆ ಆಸ್ಟ್ರಿಯಾದ ಚಾಂಪಿಯನ್ ಆಯಿತು. ಊರು ಬಿಡುವುದು ಆತನಿಗೆ ರೂಢಿಯಾದದ್ದು ಹೀಗೆ, ಅದೂ ತಾನೇ ಬಯಸಿ ಅಲ್ಲ.

ಜಗಳಗಂಟಿಯೆಂಬ ಹೆಸರೂ ಬೇಗನೇ ಬಂತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಹಂಗೆರಿ ತಂಡದಲ್ಲಿ ಆಟಗಾರರಿಗಿಂತ ಅಧಿಕಾರಿಗಳೇ ಹೆಚ್ಚಿದ್ದರು. ವಸತಿಯೂ ಚೆನ್ನಾಗಿರಲಿಲ್ಲ. ಅಲ್ಲಿನ ಇಲಿಗಳ ಕಾಟವನ್ನು ಅಧಿಕಾರಿಗಳಿಗೆ ಮನಗಾಣಿಸಲು ಗುಟ್‌ಮನ್ ಸತ್ತ ಇಲಿಗಳನ್ನು ಅವರ ಕೋಣೆಯ ಬಾಗಿಲುಗಳಿಗೇ ನೇತುಹಾಕಿದನಂತೆ. ಈಜಿಪ್ಟ್ ಎದುರು 0-3ರಿಂದ ಸೋತು ತಂಡ ಮರಳಿತು. ಗುಟ್‌ಮನ್ ಮತ್ತೆಂದೂ ಹಂಗೆರಿಯ ಪರ ಆಡಲಿಲ್ಲ.

1926ರಲ್ಲಿ ಹಕೋಆ ತಂಡ ಅಮೆರಿಕ ಪ್ರವಾಸ ಕೈಗೊಂಡಿತು. ಗುಟ್‌ಮನ್ ಸೇರಿ ಹಲವರು ನ್ಯೂಯಾರ್ಕ್‌ನಲ್ಲೇ ಉಳಿದರು. ಅಲ್ಲಿ ಆತ ಆಡಿದ, ಗಳಿಸಿದ, ಗಳಿಸಿದ್ದನ್ನು ಷೇರುಪೇಟೆಯಲ್ಲಿ ತೊಡಗಿಸಿದ. 1929ರ ವಾಲ್‌ಸ್ಟ್ರೀಟ್ ಕುಸಿತ ಆ ಉಳಿತಾಯವನ್ನು ನುಂಗಿಹಾಕಿತು. ಮುಂದೆ ಸಂಬಳದ ಮಾತು ಬಂದಾಗಲೆಲ್ಲ ಪಟ್ಟು ಸಡಿಲಿಸದ ಗುಟ್‌ಮನ್‌ನನ್ನು ಹಣದಾಸೆಯವನೆಂದು ಜರೆದವರು ಈ ಸಂಗತಿಯನ್ನು ನೆನೆಯಬೇಕು.

ಅದಕ್ಕಿಂತ ದೊಡ್ಡ ನಷ್ಟ ಮುಂದಿತ್ತು. ಯುರೋಪಿಗೆ ಮರಳಿ ತರಬೇತುದಾರನಾದ ಆತ 1939ರಲ್ಲಿ ಬುಡಾಪೆಸ್ಟ್‌ನ ಉಯ್‌ಪೆಶ್ಟ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿಯ ಜೊತೆಗೆ ಮಧ್ಯ ಯುರೋಪಿನ ಪ್ರತಿಷ್ಠಿತ ಮಿತ್ರೋಪಾ ಕಪ್ಪನ್ನೂ ಗೆದ್ದುಕೊಟ್ಟ. ಆದರೆ ಹಂಗೆರಿಯ ಯಹೂದಿವಿರೋಧಿ ಕಾನೂನುಗಳು ಆತನನ್ನು ಮೈದಾನದಿಂದ ದೂರವಿಟ್ಟವು. 1944ರ ಮಾರ್ಚ್‌ನಲ್ಲಿ ನಾಜಿ ಪಡೆಗಳು ಹಂಗೆರಿಯನ್ನು ಆಕ್ರಮಿಸಿದವು. ಆ ವರ್ಷದ ಮೇ ಮಧ್ಯದಿಂದ ಜುಲೈವರೆಗಿನ ಎಂಟು ವಾರಗಳಲ್ಲಿ ಸುಮಾರು 4,37,000 ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಬಹುಪಾಲು ರೈಲುಗಳು ಹೋದದ್ದು ಆಶ್‌ವಿಟ್ಜ್‌ಗೆ. ಗುಟ್‌ಮನ್‌ನ ತಂದೆ, ಸೋದರಿ ಮತ್ತು ಅನೇಕ ಬಂಧುಗಳು ಈ ನರಮೇಧಕ್ಕೆ ಬಲಿಯಾದರು.

ಯಹೂದಿಯಲ್ಲದ ಮಡದಿಯ ಕಡೆಯವರು ಆತನನ್ನು ತಮ್ಮ ಕ್ಷೌರದಂಗಡಿಯ ಅಟ್ಟದಲ್ಲಿ ಬಚ್ಚಿಟ್ಟಿದ್ದರು. ಬಳಿಕ ಗುಲಾಮ ದುಡಿಮೆಯ ಶಿಬಿರ ಸೇರಬೇಕಾಯಿತು. 1944ರ ಡಿಸೆಂಬರಿನಲ್ಲಿ, ಮತ್ತೊಬ್ಬ ತರಬೇತುದಾರ ಅರ್ನೊ ಎರ್ಬ್‌ಸ್ಟೈನ್ ಮುಂತಾದವರೊಡನೆ ಆತ ಶಿಬಿರದಿಂದ ತಪ್ಪಿಸಿಕೊಂಡ. ಎರ್ಬ್‌ಸ್ಟೈನ್ ಮುಂದೆ ಇಟಲಿಯ ಟೊರಿನೊ ತಂಡದ ಶಿಲ್ಪಿಗಳಲ್ಲಿ ಒಬ್ಬನೆನಿಸಿ, 1949ರ ಸುಪೆರ್ಗಾ ವಿಮಾನ ದುರಂತದಲ್ಲಿ ತಂಡದೊಂದಿಗೇ ಮಡಿದ. ಬದುಕುಳಿದ ಗುಟ್‌ಮನ್ ಆ ದಿನಗಳ ಬಗ್ಗೆ ಹೆಚ್ಚೇನೂ ಹೇಳಿಕೊಳ್ಳಲಿಲ್ಲ. ಆತನ ಯುದ್ಧಕಾಲದ ಕಥೆ ಇಂಗ್ಲಿಷ್ ಓದುಗರಿಗೆ ವಿವರವಾಗಿ ದೊರೆತದ್ದು 2017ರಲ್ಲಿ, ಡೇವಿಡ್ ಬೋಲ್ಚೋವರ್ ಬರೆದ ಜೀವನಚರಿತ್ರೆಯ ಮೂಲಕ. ಅಷ್ಟರಲ್ಲಿ ಶಾಪದ ಕಥೆ ಜಗತ್ತನ್ನೆಲ್ಲ ಸುತ್ತಿಯಾಗಿತ್ತು.

ಯುದ್ಧ ಮುಗಿದಾಗ ಗುಟ್‌ಮನ್‌ಗೆ 46 ವರ್ಷ. ಎಲ್ಲವನ್ನೂ ಸೊನ್ನೆಯಿಂದ ಕಟ್ಟಬೇಕಿತ್ತು. ಆಹಾರಕ್ಕೆ ಬರವಿದ್ದ ರುಮೇನಿಯಾದಲ್ಲಿ ಸಂಬಳದ ಬದಲು ತರಕಾರಿ ಪಡೆದು ದುಡಿದ. ತಂಡದ ಆಯ್ಕೆಯಲ್ಲಿ ಕ್ಲಬ್ಬಿನವರು ಕೈಹಾಕಿದಾಗ ಬಿಟ್ಟು ಬಂದ. ಬುಡಾಪೆಸ್ಟ್‌ನ ಕಿಶ್‌ಪೆಶ್ಟ್ ತಂಡದಲ್ಲಿದ್ದಾಗ ಒಂದು ಪಂದ್ಯದ ವಿರಾಮದಲ್ಲಿ ಒಬ್ಬ ಆಟಗಾರ ಮತ್ತೆ ಅಂಕಣಕ್ಕಿಳಿಯಬಾರದೆಂದು ಆದೇಶಿಸಿದ. ಯುವ ನಾಯಕ ಫೆರೆಂಕ್ ಪುಸ್ಕಾಶ್ ಆ ಆಟಗಾರನನ್ನು ಆಡಲು ಕರೆದೊಯ್ದ. ಗುಟ್‌ಮನ್ ಪ್ರೇಕ್ಷಕರ ನಡುವೆ ಹೋಗಿ ಕುಳಿತು, ಕುದುರೆ ಜೂಜಿನ ಪತ್ರಿಕೆ ಓದುತ್ತ ಪಂದ್ಯ ಮುಗಿಯುವುದನ್ನು ಕಾದು, ಮನೆಗೆ ಹೋದ. ಮತ್ತೆ ಆ ಕೆಲಸಕ್ಕೆ ಬರಲಿಲ್ಲ. ಇಟಲಿಯ ಮಿಲಾನ್‌ನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1955ರ ಆರಂಭದಲ್ಲಿ ತಂಡ ಅಂಕಪಟ್ಟಿಯ ತುದಿಯಲ್ಲಿರುವಾಗಲೇ ಕ್ಲಬ್ ಆತನನ್ನು ವಜಾ ಮಾಡಿತು. ಅಗ್ರಸ್ಥಾನದಲ್ಲಿರುವ ತಂಡದಿಂದ ತನ್ನನ್ನು ತೆಗೆಯಕೂಡದೆಂಬ ಷರತ್ತನ್ನು ಮುಂದಿನ ಒಪ್ಪಂದಗಳಲ್ಲಿ ಆತ ಸೇರಿಸತೊಡಗಿದನಂತೆ. ಇದರಲ್ಲಿ ಹಾಸ್ಯವೂ ಇದೆ, ಕಹಿಯೂ ಇದೆ.

1957ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊ ತಂಡ ಗುಟ್‌ಮನ್‌ನ ಕೈಕೆಳಗೆ ರಾಜ್ಯ ಪ್ರಶಸ್ತಿ ಗೆದ್ದಿತು. ನಾಲ್ವರು ರಕ್ಷಣೆಗೆ, ಇಬ್ಬರು ಮಧ್ಯಕ್ಕೆ, ನಾಲ್ವರು ಆಕ್ರಮಣಕ್ಕೆ ಎಂಬ 4-2-4 ವ್ಯೂಹ ಅಲ್ಲಿ ಬೇರೂರಿದ್ದರಲ್ಲಿ ಆತನ ಪಾಲೂ ಇದೆ. ಅಲ್ಲಿ ಜೊತೆಗಿದ್ದ ವಿಸೆಂಟೆ ಫಿಯೋಲಾ ಮರುವರ್ಷವೇ ಬ್ರೆಜಿಲ್‌ಗೆ ಮೊದಲ ವಿಶ್ವಕಪ್ ಗೆದ್ದುಕೊಟ್ಟ. ಗುಟ್‌ಮನ್ ಪೋರ್ಚುಗಲ್ಲಿಗೆ ಬಂದು 1959ರಲ್ಲಿ ಪೋರ್ಟೊ ತಂಡವನ್ನು ಚಾಂಪಿಯನ್ ಮಾಡಿದ. ಅಂಕಗಳಲ್ಲಿ ಸರಿಸಮವಾಗಿದ್ದ ಬೆನ್ಫಿಕಾ, ಗೋಲುಗಳ ಲೆಕ್ಕಾಚಾರದಲ್ಲಿ ಹಿಂದೆ ಬಿದ್ದಿತ್ತು. ಆ ಗೆಲುವಿನ ಬೆನ್ನಲ್ಲೇ ಆತ ಪೋರ್ಟೊ ತೊರೆದು ಅದೇ ಬೆನ್ಫಿಕಾಕ್ಕೆ ಸೇರಿದ. ಇಂದು ಗುಟ್‌ಮನ್‌ನ ನಿಷ್ಠೆಯನ್ನು ಪ್ರಶ್ನಿಸುವ ಲಿಸ್ಬನ್ ಅಭಿಮಾನಿಗಳಿಗೆ ಅಂದು ಅದೇ ಅನಿಷ್ಠೆ ಹಬ್ಬವಾಗಿತ್ತು.

ಬೆನ್ಫಿಕಾದಲ್ಲಿ ಆತ ಹಳಬರಲ್ಲಿ ಅನೇಕರನ್ನು ಕೈಬಿಟ್ಟು ಹೊಸಬರನ್ನು ನಂಬಿದ. 1960 ಮತ್ತು 1961ರ ಲೀಗ್ ಪ್ರಶಸ್ತಿಗಳು ಬಂದವು. ಅದುವರೆಗೆ ನಡೆದಿದ್ದ ಐದೂ ಯುರೋಪಿಯನ್ ಕಪ್‌ಗಳನ್ನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಗೆದ್ದಿತ್ತು. 1961ರ ಮೇ 31ರಂದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಬಾರ್ಸಿಲೋನಾವನ್ನು 3-2ರಿಂದ ಮಣಿಸಿ ಬೆನ್ಫಿಕಾ ಆ ಸಾಲಿಗೆ ಸೇರಿದ ಎರಡನೆಯ ಕ್ಲಬ್ ಆಯಿತು.

ಅಷ್ಟು ಹೊತ್ತಿಗೆ ಯುಸೇಬಿಯೊ ಲಿಸ್ಬನ್‌ಗೆ ಬಂದಿದ್ದ. ಪೋರ್ಚುಗಲ್ಲಿನ ವಸಾಹತಾಗಿದ್ದ ಮೊಜಾಂಬಿಕ್‌ನ ಈ ಹುಡುಗನ ಸುದ್ದಿ ಗುಟ್‌ಮನ್‌ಗೆ ತಲುಪಿದ್ದು, ಬ್ರೆಜಿಲ್‌ನ ಹಳೆಯ ಶಿಷ್ಯ ಬಾವರ್ ಒಂದು ಕ್ಷೌರದಂಗಡಿಯಲ್ಲಿ ಭೇಟಿಯಾಗಿ ಹೇಳಿದ ಮಾತಿನಿಂದ ಎಂಬುದು ಪ್ರಸಿದ್ಧ ಕಥೆ. 1962ರ ಮೇ 2ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಪರ ಪುಸ್ಕಾಶ್ ಮೊದಲಾರ್ಧದಲ್ಲೇ ಮೂರು ಗೋಲು ಹೊಡೆದ. ಹದಿನಾಲ್ಕು ವರ್ಷಗಳ ಹಿಂದೆ ಗುಟ್‌ಮನ್‌ನ ಆದೇಶ ಮೀರಿದ್ದ ಅದೇ ಪುಸ್ಕಾಶ್. ಬೆನ್ಫಿಕಾ ಬಗ್ಗಲಿಲ್ಲ. ಯುಸೇಬಿಯೊನ ಎರಡು ಗೋಲುಗಳ ಬಲದಿಂದ 5-3ರ ಜಯ ಸಾಧಿಸಿತು.

ಗುಟ್‌ಮನ್ ಸಂಭಾವನೆ ಕೇಳಿದ್ದು ಆಗಲೇ. ಒಪ್ಪಂದದಲ್ಲಿ ಅದರ ಉಲ್ಲೇಖವಿಲ್ಲವೆಂಬುದು ಮಂಡಳಿಯ ಉತ್ತರ. ಆ ಋತುವಿನಲ್ಲಿ ತಂಡ ಲೀಗ್‌ನಲ್ಲಿ ಮೂರನೆಯ ಸ್ಥಾನಕ್ಕೆ ಇಳಿದದ್ದೂ ನಿಜ. ಯಾವ ತಂಡದಲ್ಲೂ ಮೂರನೆಯ ವರ್ಷ ತರಬೇತುದಾರನಿಗೆ ಅಪಾಯಕಾರಿಯೆಂದು ಆತನೇ ನಂಬಿದ್ದ. ತನ್ನ ಮೂರನೆಯ ವರ್ಷ ಮುಗಿಸಿ, ಉರುಗ್ವೆಯ ಪೆನ್ಯರೋಲ್ ಕ್ಲಬ್ ಸೇರಿದ. ನಡೆದದ್ದು ಇಷ್ಟು: ದುಡಿದವನು ಬೆಲೆ ಕೇಳಿದ, ಒಡೆಯರು ಕೊಡಲಿಲ್ಲ, ಆತ ಬೇರೆ ಕೆಲಸ ಹುಡುಕಿಕೊಂಡ.

ಶಾಪ ಎಲ್ಲಿಂದ ಬಂತು? ಆತ ಹಾಗೆ ನುಡಿದನೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ದಂತಕಥೆಯನ್ನು ನಂಬುವವರು ಒಂದು ಸಂಗತಿಯನ್ನು ಮರೆಯುತ್ತಾರೆ: 1965ರಲ್ಲಿ ಬೆನ್ಫಿಕಾ ಗುಟ್‌ಮನ್‌ನನ್ನೇ ಮತ್ತೆ ಕರೆಸಿಕೊಂಡಿತು, ಆತನೂ ಬಂದ. ನೂರು ವರ್ಷಗಳ ಶಾಪ ಕೊಟ್ಟವನನ್ನು ಮೂರೇ ವರ್ಷಗಳಲ್ಲಿ ಯಾರಾದರೂ ಕರೆಯುತ್ತಾರೆಯೇ? ಶಪಿಸಿದವನು ಆ ತಂಡದ ಭಾರವನ್ನು ಮತ್ತೆ ಹೊರುತ್ತಾನೆಯೇ? ಆದರೆ ಎರಡನೆಯ ಸಲ ಅದೃಷ್ಟ ಕೈಹಿಡಿಯಲಿಲ್ಲ. 1966ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಲಿಸ್ಬನ್‌ಗೇ ಬಂದು 5-1ರಿಂದ ಬಡಿಯಿತು. ಋತು ಮುಗಿಯುವ ಮೊದಲೇ ಗುಟ್‌ಮನ್ ನಿರ್ಗಮಿಸಿದ.

ಸೋಲುಗಳಿಗೆ ಕಾರಣಗಳು ಮೈದಾನದಲ್ಲೇ ಇದ್ದವು. 1963ರ ಫೈನಲ್‌ನಲ್ಲಿ ಮಿಲಾನ್ ಎದುರು ನಾಯಕ ಕೊಲುನಾ ಗಾಯಗೊಂಡ. ಬದಲಿ ಆಟಗಾರರಿಗೆ ಆಗ ಅವಕಾಶವಿರಲಿಲ್ಲ. 1965ರಲ್ಲಿ ಇಂಟರ್ ತಂಡವನ್ನು ಅದರ ತವರು ಮೈದಾನದಲ್ಲೇ ಎದುರಿಸಬೇಕಾಯಿತು. ಗೋಲ್‌ಕೀಪರ್ ಗಾಯಗೊಂಡು ರಕ್ಷಣಾ ಆಟಗಾರನೇ ಗೋಲು ಕಾಯಬೇಕಾಯಿತು. 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹೆಚ್ಚುವರಿ ವೇಳೆಯಲ್ಲಿ ಮೇಲುಗೈ ಪಡೆಯಿತು. 1983ರಲ್ಲಿ ಬೆಲ್ಜಿಯಂನ ಆಂಡರ್ಲೆಕ್ಟ್ ಬಲವಾಗಿತ್ತು. 1988ರ ಸೋಲು ಪೆನಾಲ್ಟಿ ಶೂಟೌಟ್‌ನದು. 2013ರಲ್ಲಿ ಚೆಲ್ಸಿ ಗೆದ್ದದ್ದು ಕೊನೆಯ ಗಳಿಗೆಯ ಗೋಲಿನಿಂದ. 2014ರಲ್ಲಿ ಸೆವಿಯಾ ಎದುರು ಮತ್ತೆ ಪೆನಾಲ್ಟಿ. ಅಂದು ಬೆನ್ಫಿಕಾದ ಮೂವರು ಆಟಗಾರರು ಅಮಾನತಿನಿಂದ ಹೊರಗುಳಿದಿದ್ದರು. ಇದರ ಮೇಲೆ, ಯುರೋಪಿನ ಫುಟ್‌ಬಾಲ್ ಹಣ ಇಂಗ್ಲೆಂಡ್, ಸ್ಪೇನ್‌ಗಳಂಥ ದೊಡ್ಡ ಮಾರುಕಟ್ಟೆಗಳತ್ತ ಹರಿದು, ಪೋರ್ಚುಗಲ್ಲಿನ ಕ್ಲಬ್ಬುಗಳು ತಮ್ಮ ಉತ್ತಮ ಆಟಗಾರರನ್ನು ಮಾರುವ ಸ್ಥಿತಿಗೆ ಬಂದವು. ಇದನ್ನೆಲ್ಲ ವಿಶ್ಲೇಷಿಸುವುದಕ್ಕಿಂತ ಒಬ್ಬ ಸತ್ತವನ ಬಾಯಿಗೆ ಶಾಪ ತುರುಕುವುದು ಸುಲಭ.

ಹಾಗೆಂದು ಗುಟ್‌ಮನ್‌ನನ್ನು ಸಂತನಾಗಿಸಬೇಕಿಲ್ಲ. ಆತ ಹಟಮಾರಿ, ಮುಂಗೋಪಿ. ಕೈಹಿಡಿದ ಕೆಲಸವನ್ನು ನಡುವೆಯೇ ಬಿಟ್ಟು ನಡೆಯುವ ಜಾಯಮಾನದವನು. ಎಲ್ಲೂ ನೆಲೆ ನಿಲ್ಲದವನನ್ನು ನೆಚ್ಚಿಕೊಂಡ ಅಭಿಮಾನಿಗಳಿಗೆ ನೋವಾದದ್ದು ಸಹಜ. ಕ್ಲಬ್ಬು ಅವರಿಗೆ ಮನೆತನವಿದ್ದಂತೆ, ಪೀಳಿಗೆಯಿಂದ ಪೀಳಿಗೆಗೆ ಬರುವಂಥದ್ದು. ತರಬೇತುದಾರನಿಗೆ ಅದು ಎರಡು ಮೂರು ವರ್ಷಗಳ ಒಪ್ಪಂದ. ಗೆದ್ದಾಗ ಈ ಅಂತರ ಕಾಣುವುದಿಲ್ಲ, ಅಗಲುವಾಗ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಮನೆಗಳನ್ನು ಒಂದಾದ ಮೇಲೊಂದರಂತೆ ಕಳೆದುಕೊಂಡವನಿಂದ ನಿಷ್ಠೆಯನ್ನು ನಿರೀಕ್ಷಿಸುವ ಮೊದಲು, ಆತನಿಗೆ ನಿಷ್ಠರಾಗಿದ್ದವರು ಯಾರು ಎಂಬುದನ್ನೂ ಕೇಳಬೇಕಲ್ಲವೇ?

ಗುಟ್‌ಮನ್ 1981ರ ಆಗಸ್ಟ್ 28ರಂದು ವಿಯೆನ್ನಾದಲ್ಲಿ ತೀರಿಕೊಂಡ. 2014ರಲ್ಲಿ ಬೆನ್ಫಿಕಾ ತನ್ನ ಕ್ರೀಡಾಂಗಣದಲ್ಲಿ ಆತನ ಪ್ರತಿಮೆ ನಿಲ್ಲಿಸಿತು, ಎರಡು ಕೈಗಳಲ್ಲಿ ಎರಡು ಕಪ್‌ಗಳು. ಅದೇ ವರ್ಷ ಎಂಟನೆಯ ಫೈನಲ್ ಸೋತಾಗ ಶಾಪದ ಮಾತು ಮತ್ತೆ ಎದ್ದಿತು. 2022ರಲ್ಲಿ ಕ್ಲಬ್ಬಿನ ಕಿರಿಯರ ತಂಡ ಯುರೋಪಿನ ಯುವ ಲೀಗ್ ಗೆದ್ದಾಗ, ಶಾಪ ಸಡಿಲಿತೆಂದು ಹಲವರು ಸಮಾಧಾನಪಟ್ಟರು. ನಮ್ಮ ಪುರಾಣಗಳಲ್ಲಿ ಶಾಪವಿದ್ದಲ್ಲಿ ಉಶ್ಶಾಪವೂ ಇರುತ್ತದೆ. ಲಿಸ್ಬನ್‌ನ ಅಭಿಮಾನಿಗಳು ಅದನ್ನು ಪ್ರಾರ್ಥನೆಯಲ್ಲಿ ಹುಡುಕಿದ್ದಾರೆ, ಕಂಚಿನ ಪ್ರತಿಮೆಯಲ್ಲಿ ಹುಡುಕಿದ್ದಾರೆ. ಇದ್ದದ್ದು ಶಾಪವಲ್ಲ, ತೀರಿಸದೆ ಉಳಿದ ಒಂದು ಬಾಕಿ. ಕೇಳಿದವನಿಗೆ ಕೊಡುವ ಕಾಲ ಈಗ ಮೀರಿಹೋಗಿದೆ. ಆತನನ್ನು ಶಾಪದ ಕಥೆಯಿಂದ ಬಿಡಿಸಿ, ಸರ್ವಸ್ವ ಕಳೆದುಕೊಂಡರೂ ಮತ್ತೆ ಎದ್ದು ನಿಂತು ತಂಡಗಳನ್ನು ಕಟ್ಟಿದ ಮನುಷ್ಯನೆಂದು ನೆನೆಯುವುದಕ್ಕೆ ಮಾತ್ರ ಇನ್ನೂ ಅವಕಾಶವಿದೆ.