ದೊಡ್ಡಸ್ವಾಮಿಯವರು: ಅಬ್ಬೆ ದ್ಯುಬುವಾ

ವೈದ್ಯರ ಮೇಜಿನ ಮೇಲೆ ಔಷಧಶಾಸ್ತ್ರದ ಗ್ರಂಥ, ಅಧ್ಯಾಪಕರ ಕಪಾಟಿನಲ್ಲಿ ನಿಘಂಟು, ಅಧಿಕಾರಿಗಳ ಕಚೇರಿಯಲ್ಲಿ ಗ್ಯಾಸೆಟಿಯರ್ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಸಂದೇಹ ಬಂದಾಗ ತೆರೆದು ನೋಡುವ ಇಂಥ ಪುಸ್ತಕಗಳಿಗೆ ಆಕರ ಗ್ರಂಥಗಳೆಂದು ಹೆಸರು. ಅವುಗಳಲ್ಲಿ ಅಚ್ಚಾದುದನ್ನು ನಾವು ನಂಬುತ್ತೇವೆ; ಅದನ್ನು ಯಾರು, ಎಷ್ಟು ಶ್ರಮದಿಂದ ಸಂಗ್ರಹಿಸಿದರೆಂದು ವಿಚಾರಿಸುವವರು ವಿರಳ. ಭಾರತೀಯರ ಆಚಾರ ವ್ಯವಹಾರಗಳ ಬಗ್ಗೆ ಯೂರೋಪಿನವರು ಬಹುಕಾಲ ಆಧಾರವಾಗಿ ಇಟ್ಟುಕೊಂಡಿದ್ದ ಒಂದು ಆಕರ ಗ್ರಂಥ ನಮ್ಮ ಮೈಸೂರು ಸೀಮೆಯಲ್ಲಿ ದುಡಿದ ಕಥೋಲಿಕ ಗುರುಗಳೊಬ್ಬರ ಹೆಸರಿನಲ್ಲಿದೆ. ಅವರೇ ಅಬ್ಬೆ ಜಾನ್ ಆಂತ್ವಾನ್ ದ್ಯುಬುವಾ. ಅವರ ಜೀವನವನ್ನು ಈ ವಾರ ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ದ್ಯುಬುವಾ ಅವರು 1766ರಲ್ಲಿ ಫ್ರಾನ್ಸ್ ದೇಶದ ದಕ್ಷಿಣಕ್ಕಿರುವ ಸಾಂ ರೆಮೇಜ್ ಎಂಬ ಗ್ರಾಮದಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಫ್ರೆಂಚ್ ಕ್ರಾಂತಿಯ ಬಿರುಗಾಳಿ ಧರ್ಮಸಭೆಯ ಮೇಲೆ ಬೀಸುತ್ತಿದ್ದ ಕಾಲವದು. ಪ್ಯಾರಿಸ್ಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಗೆ ಸೇರಿದ ಅವರು ಅದೇ ವರ್ಷ ಭಾರತಕ್ಕೆ ಹೊರಟು ಪುದುಚೇರಿಯ ಮಿಷನ್ನಿಗೆ ಬಂದರು. ಕೆಲವು ವರ್ಷ ತಮಿಳು ನಾಡಿನಲ್ಲಿ ಸೇವೆ ಸಲ್ಲಿಸಿದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸುವ ಹೊಣೆ ದ್ಯುಬುವಾ ಅವರ ಹೆಗಲೇರಿತು. ಕರ್ನಲ್ ವೆಲ್ಲೆಸ್ಲಿಯ ಸಲಹೆಯಂತೆ ಅವರನ್ನು ಕರೆಸಲಾಯಿತೆಂಬ ಪ್ರತೀತಿಯಿದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನಿಂದಲೇ ಗುರುತಿಸಲ್ಪಡುವ ದೇವಾಲಯ ಇಂದಿಗೂ ಇದೆ. ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳನ್ನು ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಜಪಮಾಲೆಯೊಡನೆ ನೇಗಿಲೂ ಬೇಕೆಂಬುದನ್ನು ಅವರು ಅರಿತಿದ್ದರು.

ನಾಡಿನ ಜನರೊಡನೆ ಬೆರೆಯಲು ಅವರು ನಾಡಿನ ಉಡುಗೆಯನ್ನೇ ತೊಟ್ಟರು. ತಲೆಗೆ ರುಮಾಲು, ಮೈಗೆ ನಿಲುವಂಗಿ, ಕೈಯಲ್ಲಿ ಕೋಲು. ಬಹುಕಾಲ ಮಾಂಸಾಹಾರವನ್ನು ವರ್ಜಿಸಿದರು. ಚಿತ್ರಕಾರ ಥಾಮಸ್ ಹಿಕಿ ರಚಿಸಿದ ಭಾವಚಿತ್ರದಲ್ಲಿ ನಾವು ಅವರನ್ನು ಇದೇ ವೇಷದಲ್ಲಿ ಕಾಣುತ್ತೇವೆ. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು.

ಆ ದಿನಗಳಲ್ಲಿ ಸಿಡುಬು ಊರಿಗೆ ಊರನ್ನೇ ಬರಿದು ಮಾಡುವ ರೋಗವಾಗಿತ್ತು. ದೊಡ್ಡೇರಿ, ಮಧುಗಿರಿ, ಸಿರಾ ಕಡೆಯ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಮ್ಮ ಎಂಬ ಹೆಸರಿನಲ್ಲಿಯೇ ಆ ಭಯ ಅಡಗಿತ್ತು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರನ್ನು ರಕ್ಷಿಸುವ ವಿಧಾನವನ್ನು 1798ರಲ್ಲಿ ಪ್ರಕಟಿಸಿದ. 1802ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಿದ ಲಸಿಕೆ ಭಾರತದಲ್ಲಿ ಫಲ ನೀಡಿದ ಮೊದಲನೆಯದು. ಶೀತಕ ಯಂತ್ರಗಳಿಲ್ಲದ ಆ ಕಾಲದಲ್ಲಿ ಒಬ್ಬರ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ಇನ್ನೊಬ್ಬರ ತೋಳಿಗೆ ದಾಟಿಸುತ್ತ ಲಸಿಕೆಯನ್ನು ಊರಿಂದೂರಿಗೆ ಒಯ್ಯಬೇಕಾಗಿತ್ತು. ಎಲ್ಲಿಯಾದರೂ ಸರಪಳಿ ಕಡಿದರೆ ಕೆಲಸವೆಲ್ಲ ವ್ಯರ್ಥ. ಜಾತಿ ಮಡಿಗಳ ಭೇದವಿದ್ದ ಸಮಾಜದಲ್ಲಿ ಒಬ್ಬರ ರಸ ಇನ್ನೊಬ್ಬರ ಮೈಗೆ ಸೇರುವುದೆಂದರೆ ಜನ ಹಿಂಜರಿಯುವುದು ಸಹಜ.

ಇಂಥ ಕೆಲಸಕ್ಕೆ ಜನರ ವಿಶ್ವಾಸ ಗಳಿಸಿದ ವ್ಯಕ್ತಿಯೇ ಬೇಕಾಗಿತ್ತು. ದ್ಯುಬುವಾ ಅವರು ಲಸಿಕೆಯ ಕಾರ್ಯವನ್ನು ಕೈಗೆತ್ತಿಕೊಂಡು, 1803 ಮತ್ತು 1804ರ ಅವಧಿಯಲ್ಲಿ ಸ್ಥಳೀಯ ಸಹಾಯಕರೊಂದಿಗೆ ಲಸಿಕೆ ಹಾಕಿಸಿದವರ ಸಂಖ್ಯೆ 25,432 ಎಂದು ದಾಖಲಾಗಿದೆ. ಅನಂತರದ ವರ್ಷಗಳಲ್ಲಿ ಮೈಸೂರು ಅರಮನೆಯೂ ಲಸಿಕೆಗೆ ಬೆಂಬಲ ನೀಡಿತು. ಹಿಕಿ 1805ರ ಸುಮಾರಿಗೆ ಬರೆದ ಮೈಸೂರು ರಾಣಿಯರ ಚಿತ್ರ ಲಸಿಕೆಯ ಪ್ರಚಾರಕ್ಕಾಗಿಯೇ ರಚಿತವಾದದ್ದೆಂದು ಇತಿಹಾಸಕಾರರು ಊಹಿಸಿದ್ದಾರೆ. ಭಾರತದಲ್ಲಿ 1975ರಲ್ಲಿ ಕೊನೆಗೊಂಡು 1980ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟ ಆ ರೋಗದ ವಿರುದ್ಧ ನಮ್ಮ ನಾಡಿನಲ್ಲಿ ಮೊದಮೊದಲು ನಿಂತವರಲ್ಲಿ ಈ ಗುರುಗಳೂ ಒಬ್ಬರು.

ಇನ್ನು ಅವರ ಗ್ರಂಥದ ವಿಚಾರ. ಹಿಂದೂಗಳ ಜಾತಿ, ಸಂಸ್ಕಾರ, ವ್ರತ, ವಿವಾಹ, ಶಿಕ್ಷಣ, ಕಥಾಸಾಹಿತ್ಯ ಮೊದಲಾದ ವಿಷಯಗಳನ್ನು ಕುರಿತು ಫ್ರೆಂಚ್ ಭಾಷೆಯ ಹಸ್ತಪ್ರತಿಯೊಂದನ್ನು ಅವರು 1806ರಲ್ಲಿ ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರಿಗೆ ಒಪ್ಪಿಸಿದರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಮೆಚ್ಚಿಕೊಂಡರು. ಕಂಪನಿ ಸರ್ಕಾರ 2,000 ವರಹಗಳಿಗೆ ಕೊಂಡ ಆ ಹಸ್ತಪ್ರತಿಯ ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗುರುಗಳು ಅಷ್ಟಕ್ಕೇ ತೃಪ್ತರಾಗದೆ 1815ರಲ್ಲಿ ಹಸ್ತಪ್ರತಿಯನ್ನು ಹಿಂದಕ್ಕೆ ತರಿಸಿಕೊಂಡು ಬಹಳಷ್ಟು ತಿದ್ದಿ ಬೆಳೆಸಿದ್ದರು. 1825ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಆವೃತ್ತಿ ಬಂದಿತು. ತಿದ್ದಿದ ಪ್ರತಿಯಿಂದ ಹೆನ್ರಿ ಬೋಷಾಂಪ್ ಅವರು ಮಾಡಿದ ಹೊಸ ಇಂಗ್ಲಿಷ್ ಅನುವಾದ 1897ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಭಾರತಕ್ಕೆ ಬರುವ ಅಧಿಕಾರಿಗಳೂ ವಿದ್ವಾಂಸರೂ ಅದನ್ನು ಕೈಪಿಡಿಯಂತೆ ಬಳಸಿದರು.

ಇಲ್ಲಿ ನಾವು ಒಂದು ಕಹಿ ಸತ್ಯವನ್ನೂ ಹೇಳಬೇಕಾಗಿದೆ. ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಗ್ರಂಥದ ಮೂಲವನ್ನು ಬಯಲು ಮಾಡಿತು. ದ್ಯುಬುವಾ ಅವರು ಬಹುಮಟ್ಟಿಗೆ ಆಧರಿಸಿದ್ದುದು ಯೇಸು ಸಭೆಯ ವಂದನೀಯ ಗಾಸ್ತೋಂ ಲೋರಾಂ ಕೂರ್ದೂ ಅವರು ಅವರಿಗಿಂತ ಹಿಂದೆಯೇ ಬರೆದಿಟ್ಟ ಹಸ್ತಪ್ರತಿಯನ್ನು. 1691ರಲ್ಲಿ ಜನಿಸಿ 1732ರಲ್ಲಿ ಭಾರತಕ್ಕೆ ಬಂದ ಕೂರ್ದೂ ಅವರು ಕರ್ನಾಟಿಕ್ ಮಿಷನ್ನಿನ ಗುರುಗಳು. ಆ ಮಿಷನ್ನಿನ ಕೇಂದ್ರಗಳು ಪುಂಗನೂರು, ಬಳ್ಳಾಪುರ ಮೊದಲಾದ ತೆಲುಗು ಕನ್ನಡ ಗಡಿಸೀಮೆಯಲ್ಲಿದ್ದವು. ಅಂದರೆ ನಮ್ಮ ಮಧುಗಿರಿ, ಪಾವಗಡಗಳಿಗೆ ದೂರವಲ್ಲದ ನೆಲ. ಕೂರ್ದೂ ಅವರು ತೆಲುಗು, ಫ್ರೆಂಚ್, ಸಂಸ್ಕೃತ ನಿಘಂಟನ್ನು ಸಿದ್ಧಪಡಿಸಿದರು; ಬಟ್ಟೆಗೆ ಬಣ್ಣ ಹಾಕುವ ಇಲ್ಲಿನ ವಿದ್ಯೆಯನ್ನು ವಿವರಿಸಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದವೆಂಬುದನ್ನು 1767ರ ಸುಮಾರಿಗೇ ಪ್ಯಾರಿಸ್ಸಿನ ವಿದ್ವತ್ಸಭೆಗೆ ಬರೆದು ತಿಳಿಸಿದರು. ಆ ಬರಹ ಅಚ್ಚಾದುದು 1808ರಲ್ಲಿ. ಅಷ್ಟರಲ್ಲಿ ಆ ಕೀರ್ತಿ 1786ರಲ್ಲಿ ಮಾತನಾಡಿದ ವಿಲಿಯಂ ಜೋನ್ಸ್ ಅವರಿಗೆ ಸಂದಿತ್ತು. 1773ರಲ್ಲಿ ಯೇಸು ಸಭೆ ವಿಸರ್ಜಿತವಾಯಿತು; ಅವರ ಮಿಷನ್ನು ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಕೈಸೇರಿತು. 1779ರಲ್ಲಿ ಕೂರ್ದೂ ಪುದುಚೇರಿಯಲ್ಲಿ ನಿಧನರಾದರು. ಅವರ ಪರವಾಗಿ ಕೇಳುವವರು ಯಾರೂ ಉಳಿದಿರಲಿಲ್ಲ.

ಹೀಗೆಂದ ಮಾತ್ರಕ್ಕೆ ದ್ಯುಬುವಾ ಅವರ ಪಾಲು ಶೂನ್ಯವಾಗುವುದಿಲ್ಲ. ಮೂರು ದಶಕಗಳ ಕಾಲ ತಾವೇ ಕಂಡದ್ದನ್ನು ಅವರು ಮೂಲಕ್ಕೆ ಸೇರಿಸಿದರು. ತಮಿಳು, ತೆಲುಗು, ಕನ್ನಡ ಪ್ರತಿಗಳಿಂದ ಪಂಚತಂತ್ರವನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದರು. ಆದರೂ ಪರರ ಶ್ರಮವನ್ನು ಬಳಸಿದಾಗ ಅವರ ಹೆಸರನ್ನು ಹೇಳುವುದು ನ್ಯಾಯ. ಹಾಗೆಯೇ ಅವರ ಗ್ರಂಥದಲ್ಲಿ ನಮ್ಮ ದೇಶದ ಸ್ತ್ರೀಯರನ್ನೂ ಕೆಳಜಾತಿಯವರನ್ನೂ ಕುರಿತು ಕಟುವಾದ, ಸಾರಾಸಗಟಾದ ತೀರ್ಪುಗಳಿವೆ. ಆಕರ ಗ್ರಂಥವೆಂಬ ಪಟ್ಟ ದೊರೆತುದರಿಂದ ಆ ತೀರ್ಪುಗಳೂ ಸತ್ಯದ ಮುದ್ರೆ ಪಡೆದು ಬಹುಕಾಲ ಓದುಗರ ಮನಸ್ಸಿನಲ್ಲಿ ಉಳಿದವು.

1823ರ ಜನವರಿಯಲ್ಲಿ ಗುರುಗಳು ಭಾರತವನ್ನು ಬಿಟ್ಟರು. ಕಂಪನಿ ಸರ್ಕಾರ ಅವರಿಗೆ ವಿಶ್ರಾಂತಿವೇತನ ನೀಡಿತು. ಅದೇ ವರ್ಷ ಪ್ರಕಟವಾದ ಪತ್ರಗಳ ಪುಸ್ತಕದಲ್ಲಿ ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯನ್ನು ತೋಡಿಕೊಂಡರು. ಪ್ರೊಟೆಸ್ಟಂಟ್ ಮಿಷನರಿಗಳು ಅದಕ್ಕೆ ಪ್ರತ್ಯುತ್ತರ ಬರೆದರು. ಅವರು ಬಿತ್ತಿದ ಸತ್ತಿಹಳ್ಳಿಯ ಬೀಜ ಮಾತ್ರ ಆ ನಿರಾಶೆಯನ್ನು ಸುಳ್ಳಾಗಿಸಿ ಮೊಳೆತು ನಿಂತಿತು. 1836ರಿಂದ 1839ರವರೆಗೆ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅವರು 1848ರ ಫೆಬ್ರವರಿ 17ರಂದು ಪ್ರಭುವಿನಲ್ಲಿ ನಿದ್ರಿಸಿದರು.

ನಮ್ಮ ಧರ್ಮಕೇಂದ್ರಗಳ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವ ಬಾಂಧವರು ಈ ಜೀವನದಿಂದ ಎರಡು ಪಾಠಗಳನ್ನು ಕಲಿಯಬಹುದೆಂದು ನಾವು ಭಾವಿಸುತ್ತೇವೆ. ಪುಸ್ತಕವೆಷ್ಟೇ ದೊಡ್ಡದಾಗಿರಲಿ, ಅದನ್ನು ಗೌರವದಿಂದ ಓದಬೇಕು, ವಿಚಾರಿಸಿಯೂ ಓದಬೇಕು. ನೆರವು ಪಡೆದವರ ಹೆಸರನ್ನು ಮರೆಯದೆ ಬರೆಯಬೇಕು. ಇನ್ನೊಂದು, ಲಸಿಕೆಯ ಆ ಲೆಕ್ಕದ ಪುಸ್ತಕದ್ದು. ಅದನ್ನು ಯಾವ ವಿದ್ವಾಂಸರೂ ಕೊಂಡಾಡಲಿಲ್ಲ, ಯಾವ ಸರ್ಕಾರವೂ ವರಹ ಕೊಟ್ಟು ಕೊಳ್ಳಲಿಲ್ಲ. ಆದರೆ ಅದರ ಒಂದೊಂದು ಅಂಕೆಯ ಹಿಂದೆಯೂ ಸಿಡುಬಿನಿಂದ ಪಾರಾಗುವ ಅವಕಾಶ ಪಡೆದ ಒಂದು ಜೀವವಿತ್ತು. ದೊಡ್ಡಸ್ವಾಮಿಯವರನ್ನು ನೆನೆಯುವಾಗ ಆ 25,432 ಮಂದಿಯನ್ನೂ, ಹೆಸರು ಮರೆಯಾಗಿದ್ದ ಕೂರ್ದೂ ಅವರನ್ನೂ ಜೊತೆಗೇ ನೆನೆಯೋಣ.